ಎಂಜಿನ್ ಯಾರದು, ಎಣ್ಣೆ ಯಾರದು?

ಮೊನ್ನೆ ಇಶಾ ನಮಾಝ್ ಮುಗಿಸಿ ಬಂದು ಊಟಕ್ಕೆ ಕೂತಿದ್ದೆ, ತಮ್ಮನ ಫೋನ್ ಬಂತು. "ಕಾಕ, ಎಂಜಿನ್ ಕತೆ ಮುಗಿಯಿತು. ಮೆಕ್ಯಾನಿಕ್ ಬಿಚ್ಚಿ ನೋಡಿದ. ಪಿಸ್ಟನ್ ಹಿಡಿದು ಹೋಗಿದೆ, ಒಳಗೆಲ್ಲ ತುಕ್ಕು. ರಿಪೇರಿಗೆ ಹಾಕುವ ದುಡ್ಡು ನೀರಿಗೆ ಹಾಕಿದ ಹಾಗೆ ಅಂತ ಹೇಳ್ತಾನೆ."

ನಮ್ಮದು ನಾಲ್ಕು ಜನ ಹೋಗುವ ಸಣ್ಣ ಫೈಬರ್ ನಾಡದೋಣಿ. ತಂದೆಯವರ ಕಾಲದ್ದು ಮರದ್ದು, ಆಮೇಲೆ ಫೈಬರಿಗೆ ಬಂದೆವು. ಎಂಜಿನ್ ಮಾತ್ರ ಮೊದಲಿಂದಲೂ ಸೀಮೆಎಣ್ಣೆಯದ್ದು. ಅದು ಹೋದದ್ದಕ್ಕೆ ನನಗೆ ಆಶ್ಚರ್ಯ ಆಗಲಿಲ್ಲ. ಅವನ ಮುಂದಿನ ಮಾತಿಗೆ ಮಾತ್ರ ಬಾಯಿಗೆ ಹಾಕಿದ ತುತ್ತು ಅಲ್ಲೇ ನಿಂತಿತು. "ಒಬ್ಬರ ಹತ್ರ ಇಪ್ಪತ್ತೈದು ಎಚ್‌ಪಿಯ ಸೆಕೆಂಡ್‌ಹ್ಯಾಂಡ್ ಉಂಟು. ಸೀಮೆಎಣ್ಣೆಯದ್ದೇ. ಹೊಸದರ ಅರ್ಧ ರೇಟೂ ಇಲ್ಲ. ಶುಕ್ರವಾರದೊಳಗೆ ಹೇಳಬೇಕಂತೆ. ಇವಳ ಬಳೆ ಇಟ್ಟು ತರುವ ಅಂತ."

ಬಳೆ ಇಡುವ ಬಗ್ಗೆ "ಇವಳ" ಹತ್ತಿರ ಕೇಳಿದೆಯಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಕೇಳ್ತೇನೆ" ಅಂದ. ದೋಣಿಗೆ ಬರುವ ಇತರ ಮೂವರ ಹತ್ತಿರ ಎಂತಾದ್ರೂ ಮಾತಾಡಿದೆಯಾ ಎಂದೆ. "ಅವರ ಹತ್ರ ಎಂತ ಮಾತಾಡುದು ಕಾಕ? ಎಂಜಿನ್ ನಮ್ಮದಲ್ವಾ?"

ಈ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಉಳ್ಳಾಲ, ಕೋಟೆಪುರ, ಬೆಂಗ್ರೆಯ ಕಡೆ ನಾಡದೋಣಿ ಇರುವ ಮನೆಗಳಲ್ಲಿ ಎಂಜಿನ್ ಬದಲಿಸುವ ತೀರ್ಮಾನ ಹೀಗೆಯೇ ಆಗುವುದು. ಒಬ್ಬ ಗಂಡಸು, ಒಂದು ಫೋನ್, ಒಂದು ವಾರ. ಆಮೇಲೆ ಐದಾರು ವರ್ಷ ಇಡೀ ಮನೆ ಆ ತೀರ್ಮಾನದ ಸಾಲ ತೀರಿಸುತ್ತದೆ.

ಎಂಜಿನ್ ನಮ್ಮದು, ಸರಿ. ಆದರೆ ಎಣ್ಣೆ ಯಾರದು? ಪಾಲಿನ ಲೆಕ್ಕ ಊರಿಂದೂರಿಗೆ, ಬಲೆಯಿಂದ ಬಲೆಗೆ ಬೇರೆ ಬೇರೆ. ಹೆಚ್ಚಿನ ಕಡೆ ಒಂದು ಮಾತು ಮಾತ್ರ ಒಂದೇ: ಮೀನು ಮಾರಿ ಬಂದ ದುಡ್ಡಿನಲ್ಲಿ ಮೊದಲು ಎಣ್ಣೆ, ಐಸು, ಚಾ-ತಿಂಡಿಯ ಖರ್ಚು ಕಳೆಯುತ್ತಾರೆ. ಉಳಿದದ್ದರಲ್ಲಿ ದೋಣಿಗೆ, ಬಲೆಗೆ, ಎಂಜಿನ್ನಿಗೆ ಒಂದು ಪಾಲು, ಮತ್ತೆ ಕೆಲಸ ಮಾಡಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಪಾಲು. ಅಂದರೆ ಎಂಜಿನ್ನಿನ ಬೆಲೆ ಕೊಡುವುದು ಮಾಲಕ ಒಬ್ಬನೇ. ಅದು ಕುಡಿಯುವ ಎಣ್ಣೆಯ ಬೆಲೆ ಮಾತ್ರ ದೋಣಿಯಲ್ಲಿರುವ ಎಲ್ಲರ ಪಾಲಿನಿಂದ ಹೋಗುತ್ತದೆ.

ಮಾಲಕ ಕಡಿಮೆ ಬೆಲೆಯ, ಹೆಚ್ಚು ಎಣ್ಣೆ ಕುಡಿಯುವ ಎಂಜಿನ್ ತಂದರೆ ಅವನ ಕಿಸೆಗೆ ಆ ದಿನ ಲಾಭವೇ. ಪ್ರತಿದಿನ ಹೆಚ್ಚಾಗಿ ಸುಡುವ ಒಂದೊಂದು ಲೀಟರಿನಲ್ಲಿ ಅರ್ಧದಷ್ಟು ಬಲೆ ಎಳೆಯುವ ಹುಡುಗರ ಅನ್ನದಿಂದ ಹೋಗುತ್ತದೆ. ಯಾರೂ ಬೇಕೆಂದು ಮೋಸ ಮಾಡುವುದಲ್ಲ. ಲೆಕ್ಕ ಇರುವುದೇ ಹಾಗೆ. ಲೆಕ್ಕ ಹಾಗಿರುವುದರಿಂದಲೇ ನಮ್ಮಲ್ಲಿ ಇಷ್ಟು ವರ್ಷ "ಎಷ್ಟು ಕುಡೀತದೆ" ಎನ್ನುವ ಪ್ರಶ್ನೆ "ರೇಟೆಷ್ಟು" ಎನ್ನುವ ಪ್ರಶ್ನೆಯ ಹಿಂದೆಯೇ ಉಳಿದದ್ದು.

ಒಂದು ಸಣ್ಣ ಗುಣಾಕಾರ ಮಾಡಿ ನೋಡಿ. ಎರಡು ಎಂಜಿನ್ನುಗಳ ನಡುವೆ ಗಂಟೆಗೆ ಒಂದೇ ಲೀಟರ್ ವ್ಯತ್ಯಾಸ ಅಂತ ಇಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಗಂಟೆ ಓಟ, ವರ್ಷಕ್ಕೆ 150 ದಿನ. 600 ಲೀಟರ್ ಆಯಿತು. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿ ಎಷ್ಟೋ ಕಾಲ ಆಯಿತು. ವರ್ಷಕ್ಕೆ 60 ಸಾವಿರಕ್ಕೂ ಹೆಚ್ಚು! "ಅರ್ಧ ರೇಟಿಗೆ ಸಿಕ್ಕಿತು" ಎಂದು ಖುಷಿಪಟ್ಟ ದುಡ್ಡು ಒಂದೆರಡು ಸೀಸನ್ನಿನಲ್ಲಿ ಹೊಗೆಯಾಗಿ ಹೋಗುತ್ತದೆ. ಅದೇ ಓಟ ದಿನಕ್ಕೆ ಒಂದು ಗಂಟೆ ಮಾತ್ರ ಇದ್ದರೆ ಲೆಕ್ಕ ತಲೆಕೆಳಗು. ಹೊಳೆಯಲ್ಲೇ ಹತ್ತಿರ ಬಲೆ ಬಿಟ್ಟು ಬರುವವರಿಗೆ ದುಬಾರಿ ಎಂಜಿನ್ ಎಂದೂ ಅಸಲು ಮರಳಿಸಲಿಕ್ಕಿಲ್ಲ. ಅದಕ್ಕೇ ಮೊದಲು ಬೇಕಾದದ್ದು ಒಂದು ನೋಟ್‌ಬುಕ್. ಹಳೆ ಎಂಜಿನ್ ಸಾಯುವ ಮೊದಲೇ ಒಂದು ತಿಂಗಳು ಎಷ್ಟು ಗಂಟೆ ಓಡಿತು, ಎಷ್ಟು ಲೀಟರ್ ಹೋಯಿತು ಎಂದು ಬರೆದಿಟ್ಟಿದ್ದರೆ ಅಂಗಡಿಯವನ ಮುಂದೆ ನಾವು ಮಾತಾಡಬಹುದು. ಇಲ್ಲದಿದ್ದರೆ ಅವನು ಮಾತಾಡುತ್ತಾನೆ, ನಾವು ತಲೆಯಾಡಿಸುತ್ತೇವೆ.

ಈಗ ಆ ಸೀಮೆಎಣ್ಣೆಯ ಸೆಕೆಂಡ್‌ಹ್ಯಾಂಡ್ ವಿಷಯ. ಸೀಮೆಎಣ್ಣೆ ಎಂಜಿನ್ನಿನ ಮೇಲೆ ನನಗೆ ಸಿಟ್ಟಿಲ್ಲ. ನಾವು ಓದಿದ್ದು, ತಂಗಿಯ ಮದುವೆ ಆದದ್ದು ಎಲ್ಲ ಅದರ ಮೇಲೆಯೇ. ಒಂದು ಸ್ಪ್ಯಾನರ್, ಒಂದು ಪ್ಲಗ್, ಒಂದು ತುಂಡು ಸ್ಯಾಂಡ್‌ಪೇಪರ್ ಇದ್ದರೆ ಕಡಲಲ್ಲೇ ಬಿಚ್ಚಿ ಜೋಡಿಸಬಹುದಾದ ಯಂತ್ರ. ಆದರೆ ಅದು ಓಡಬೇಕಾದರೆ ಸೀಮೆಎಣ್ಣೆ ಬೇಕಲ್ಲ? ರಿಯಾಯಿತಿ ದರದ ಸೀಮೆಎಣ್ಣೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದದ್ದು, ಬಂದಾಗಲೂ ಸರಿಯಾದ ತಿಂಗಳಿಗೆ ಬಾರದೆ ಇದ್ದದ್ದು ಪರ್ಮಿಟ್ ಹಿಡಿದು ಕಾದ ಎಲ್ಲರಿಗೂ ಗೊತ್ತು. ಸರಕಾರವೇ ಇದರಿಂದ ಹೊರಗೆ ಬರಲು ಹೇಳುತ್ತಿದೆ. ಸೀಮೆಎಣ್ಣೆ ಎಂಜಿನ್ ತೆಗೆದು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಹಾಕಿಸುವವರಿಗೆ ತಲಾ 50 ಸಾವಿರ ರೂಪಾಯಿ ಸಹಾಯಧನ ಕೊಡುತ್ತೇವೆ ಎಂದು 2023ರ ರಾಜ್ಯ ಬಜೆಟಿನಲ್ಲಿ ಹೇಳಿದ್ದಾರೆ. ಹೀಗಿರುವಾಗ ಬಳೆ ಅಡವಿಟ್ಟು ಇನ್ನೊಂದು ಸೀಮೆಎಣ್ಣೆ ಎಂಜಿನ್ ತರುವುದೆಂದರೆ ಮುಚ್ಚುವ ಅಂಗಡಿಗೆ ಅಡ್ವಾನ್ಸ್ ಕೊಟ್ಟ ಹಾಗೆ. ಮಾರುವವನು ಯಾಕೆ ಮಾರುತ್ತಿದ್ದಾನೆ ಅಂತ ಒಮ್ಮೆಯಾದರೂ ಯೋಚಿಸಬೇಡವಾ?

ಸಹಾಯಧನದ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. ಮೊದಲು ಎಂಜಿನ್ ತಂದು ಆಮೇಲೆ ಬಿಲ್ಲು ಹಿಡಿದುಕೊಂಡು ಮೀನುಗಾರಿಕಾ ಇಲಾಖೆಯ ಮೆಟ್ಟಲು ಹತ್ತಬೇಡಿ. ಮೊದಲು ಹೋಗಿ ಈ ವರ್ಷ ಯಾವ ಯೋಜನೆ ಉಂಟು, ಯಾವ ಕಾಗದ ಬೇಕು ಎಂದು ಕೇಳಿ, ಆಮೇಲೆ ಅಂಗಡಿಗೆ. ಇನ್ನೊಂದು, ನಿಮ್ಮ ದೋಣಿಯ ನೋಂದಣಿ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ನಮ್ಮ ದೋಣಿಯ ಕಾಗದ ತಂದೆಯವರು ತೀರಿಕೊಂಡು ಎಷ್ಟೋ ವರ್ಷ ಅವರ ಹೆಸರಿನಲ್ಲೇ ಇತ್ತು. "ಮಾಡುವ, ಮಾಡುವ" ಎಂದು ನಾವು ಗಂಡುಮಕ್ಕಳೇ ಎಳೆದದ್ದು. ಹಕ್ಕಿನ ಪಾಲು ಇರುವ ಉಮ್ಮ, ತಂಗಿಯಂದಿರು ಎಲ್ಲ ಒಪ್ಪಿ ಸಹಿ ಹಾಕಬೇಕಲ್ಲ, ಆ ಮಾತು ಎತ್ತಲಿಕ್ಕೆ ನಮಗೇ ಒಂದು ನಾಚಿಕೆ. ಸತ್ತವರ ಹೆಸರಿನ ಕಾಗದಕ್ಕೆ ಯಾವ ಸಹಾಯಧನವೂ ಬರುವುದಿಲ್ಲ.

ಮತ್ತೆ ಆ ಇಪ್ಪತ್ತೈದು ಎಚ್‌ಪಿ. ದೊಡ್ಡ ಎಂಜಿನ್ನಿನ ಆಸೆ ನನಗೂ ಅರ್ಥ ಆಗುತ್ತದೆ. ಪಕ್ಕದ ದೋಣಿ ನಮ್ಮನ್ನು ಹಿಂದೆ ಹಾಕಿ ಹೋಗುವಾಗ, ಬೂತಾಯಿಯ ಹಿಂಡು ಕಂಡ ಜಾಗಕ್ಕೆ ಅವನು ಮೊದಲು ತಲುಪುವಾಗ ಹೊಟ್ಟೆ ಉರಿಯುತ್ತದೆ. ಆದರೆ ಸಣ್ಣ ನಾಡದೋಣಿಯವರಿಗೆ 9.9 ಎನ್ನುವ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗೆ ಮಾತ್ರ ವಿನಾಯಿತಿ. ಟ್ರಾಲ್‌ಬೋಟುಗಳು ದಕ್ಕೆಯಲ್ಲಿ ಕಟ್ಟಿ ಬಿದ್ದಿರುವ ಆ ಎರಡು ತಿಂಗಳಲ್ಲಿ, ತೂಫಾನ್ ಬಂದು ಕಡಲು ಕಲಕಿದ ಮೇಲೆ, ಸಿಗಡಿಯೋ ಬಂಗುಡೆಯೋ ನಾಲ್ಕು ಬುಟ್ಟಿ ಸಿಕ್ಕಿದರೂ ಅದಕ್ಕೆ ಬರುವ ಬೆಲೆ ಡಿಸೆಂಬರಿನಲ್ಲಿ ಬರುವುದಿಲ್ಲ. ನಾಡದೋಣಿಯವನ ವರ್ಷ ಇರುವುದೇ ಅಲ್ಲಿ. ಇಪ್ಪತ್ತೈದನ್ನು ತಗಲಿಸಿದ ದಿನ ಆ ಎರಡು ತಿಂಗಳನ್ನು ನಾವೇ ಕೈಯಾರೆ ಬಿಟ್ಟುಕೊಟ್ಟ ಹಾಗೆ.

ಕೆಲವರು ಇದಕ್ಕೂ ಒಂದು ದಾರಿ ಕಂಡುಕೊಂಡಿದ್ದಾರೆ. ಕೆಲವು ಕಂಪೆನಿಗಳ 9.9 ಮತ್ತು 15ರ ಒಡಲು ಒಂದೇ. ಒಳಗಿನ ಕೆಲವು ಭಾಗ ಬದಲಿಸಿದರೆ ಒಂದು ಇನ್ನೊಂದಾಗುತ್ತದೆ, ಮೇಲಿನ ಮುಚ್ಚಳದಲ್ಲಿ 9.9 ಎಂಬ ಸ್ಟಿಕ್ಕರ್ ಹಾಗೇ ಇರುತ್ತದೆ. "ಯಾರಿಗೆ ಗೊತ್ತಾಗ್ತದೆ ಮಾರ್ರೆ" ಎನ್ನುತ್ತಾರೆ. ತಪಾಸಣೆಗೆ ಬಂದವರಿಗೆ ಗೊತ್ತಾಗಲಿಕ್ಕಿಲ್ಲ, ಒಪ್ಪಿದೆ. ದೋಣಿಯ ಹಿಂದಿನ ಹಲಗೆಗೆ ಗೊತ್ತಾಗುತ್ತದೆ, ಎಣ್ಣೆಯ ಕ್ಯಾನಿಗೆ ಗೊತ್ತಾಗುತ್ತದೆ. ನಾಳೆ ಏನಾದರೂ ಅವಘಡವಾಗಿ ಪರಿಹಾರದ ಮಾತು ಬಂದಾಗ ಎಂಜಿನ್ನನ್ನು ಬಿಚ್ಚಿಸುವವರಿಗೂ ಗೊತ್ತಾಗುತ್ತದೆ.

ಈಗಿನ ಹುಡುಗರು ಮೊಬೈಲಿನಲ್ಲಿ ವಿಡಿಯೊ ನೋಡಿ ಎಂಜಿನ್ ಆರಿಸುತ್ತಾರೆ. ಅಮೆರಿಕದಲ್ಲೋ ಕೆನಡಾದಲ್ಲೋ ಸಣ್ಣ ಅಲ್ಯೂಮಿನಿಯಂ ದೋಣಿ, ಒಳಗೆ ಇಬ್ಬರು, ಒಂದು ಗಾಳ, ಕನ್ನಡಿಯಂತಹ ಸರೋವರ. 9.9 ಹಾಕಿದರೆ ನೀರಿನ ಮೇಲೆ ಹಾರುತ್ತದೆ. ನಮ್ಮದು ಹಾರುವ ದೋಣಿ ಅಲ್ಲ. ಅದರ ನಾಲ್ಕು ಪಾಲು ಭಾರದ ಫೈಬರು, ಒದ್ದೆ ಬಲೆ, ಐಸು, ನಾಲ್ಕು ಆಳು, ದೇವರು ಕೊಟ್ಟರೆ ಮೀನು. ನೀರನ್ನು ಸೀಳಿ ತಳ್ಳಿಕೊಂಡು ಹೋಗುವ ದೋಣಿ. ಇಂಥ ದೋಣಿಗೆ ಎಚ್‌ಪಿ ಏರಿಸಿದಷ್ಟೂ ವೇಗ ಏರುವುದಿಲ್ಲ. ಒಂದು ಹಂತದ ಮೇಲೆ ಹಿಂದಿನ ಭಾಗ ತಗ್ಗುತ್ತದೆ, ಮೂತಿ ಎದ್ದು ನಿಲ್ಲುತ್ತದೆ, ಎಣ್ಣೆ ಹೋಗುತ್ತದೆ, ಅಷ್ಟೇ. ವಿಡಿಯೊದವರು ಹೇಳುವುದು ಸುಳ್ಳಲ್ಲ, ಅವರ ದೋಣಿಗೆ ಅದು ಸರಿ.

ಎಚ್‌ಪಿಗಿಂತ ಹೆಚ್ಚು ಕೇಳಬೇಕಾದ ಎರಡು ವಿಷಯಗಳನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಒಂದು ಎಂಜಿನ್ನಿನ ಕಾಲಿನ ಉದ್ದ, ಇನ್ನೊಂದು ಫ್ಯಾನು. ಅಳಿವೆ ಬಾಗಿಲು ದಾಟಿದವರಿಗೆ ಇದರ ಬೆಲೆ ಗೊತ್ತು.

ನೇತ್ರಾವತಿ ಮತ್ತು ಗುರುಪುರ ಹೊಳೆ ಸೇರಿ ಕಡಲಿಗೆ ಬೀಳುವ ಆ ಜಾಗದಲ್ಲಿ ಮಳೆಗಾಲದಲ್ಲಿ ಹೊಳೆಯ ನೀರು ಹೊರಗೆ ನೂಕುತ್ತದೆ, ಕಡಲಿನ ತೆರೆ ಒಳಗೆ ನೂಕುತ್ತದೆ, ಅಡಿಯಲ್ಲಿ ಮರಳಿನ ದಿಬ್ಬ. ತೆರೆ ದೋಣಿಯ ಹಿಂಭಾಗವನ್ನು ಎತ್ತಿದಾಗ ಎಂಜಿನ್ನಿನ ಕಾಲು ಗಿಡ್ಡವಾಗಿದ್ದರೆ ಫ್ಯಾನು ನೀರಿನಿಂದ ಹೊರಗೆ ಬಂದು ಗಾಳಿ ಕಡೆಯುತ್ತದೆ. ಎಂಜಿನ್ ಅರಚುತ್ತದೆ, ದೋಣಿ ನಿಂತಲ್ಲೇ ನಿಲ್ಲುತ್ತದೆ. ಆ ಎರಡು ಸೆಕೆಂಡಿನಲ್ಲಿ ದೋಣಿ ಅಡ್ಡ ತಿರುಗಿದರೆ ಮುಗಿಯಿತು. ಆಗ 9.9 ಆದರೂ ಅಷ್ಟೆ, 40 ಆದರೂ ಅಷ್ಟೆ. ನೀರು ಹಿಡಿಯದ ಫ್ಯಾನಿಗೆ ಎಚ್‌ಪಿ ಇಲ್ಲ.

ಔಟ್‌ಬೋರ್ಡ್ ಎಂಜಿನ್ನುಗಳು ಹೆಚ್ಚಾಗಿ 15 ಇಂಚು ಮತ್ತು 20 ಇಂಚು ಕಾಲಿನಲ್ಲಿ ಬರುತ್ತವೆ, ದೊಡ್ಡ ದೋಣಿಗೆ 25 ಇಂಚಿನದ್ದೂ ಉಂಟು. ಅಂಗಡಿಗೆ ಹೋಗುವ ಮೊದಲು ದೋಣಿಯನ್ನು ದಡಕ್ಕೆ ಎಳೆದು, ಎಂಜಿನ್ ಕೂರುವ ಹಲಗೆಯ ಮೇಲಂಚಿನಿಂದ ದೋಣಿಯ ತಳದವರೆಗೆ ನಡುಮಧ್ಯದಲ್ಲಿ ನೇರವಾಗಿ ಅಳೆಯಿರಿ. ಟೈಲರ್ ಟೇಪ್ ಸಾಕು. ಎಂಜಿನ್ ಕೂರಿಸಿದ ಮೇಲೆ ಫ್ಯಾನಿನ ಮೇಲಿರುವ ಚಪ್ಪಟೆ ರೆಕ್ಕೆ ದೋಣಿಯ ತಳಕ್ಕೆ ಸಮನಾಗಿ ಅಥವಾ ಇಂಚಿನಷ್ಟು ಕೆಳಗೆ ಬರಬೇಕು. ಅದಕ್ಕಿಂತ ಮೇಲಿದ್ದರೆ ಗಾಳಿ ಕಡೆಯುತ್ತದೆ. ತೀರಾ ಕೆಳಗಿದ್ದರೆ ನೀರನ್ನು ತಡೆಯುತ್ತದೆ, ಇಳಿತದ ಸಮಯ ಮರಳಿಗೆ ಬಡಿಯುತ್ತದೆ. ಹಿಂದೊಮ್ಮೆ ನಾವು "ಸಿಕ್ಕಿದ ಎಂಜಿನ್" ತಂದು ಹಲಗೆಯ ಮೇಲೆ ಮರದ ತುಂಡು ಇಟ್ಟು ಎತ್ತರ ಸರಿ ಮಾಡಿದ್ದೆವು. ಒಂದೇ ಮಳೆಗಾಲ. ಅದುರಿ ಅದುರಿ ಹಲಗೆಯೇ ಬಿರುಕು ಬಿಟ್ಟಿತು.

ಫ್ಯಾನಿನ ಮೇಲೆ ಎರಡು ಸಂಖ್ಯೆ ಕೊರೆದಿರುತ್ತದೆ. ಮೊದಲನೆಯದ್ದು ಅಗಲ, ಎರಡನೆಯದ್ದು ಪಿಚ್, ಅಂದರೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕೆಂಬ ಲೆಕ್ಕ. ಕಂಪೆನಿಯವರು ಹಾಕಿ ಕೊಡುವ ಫ್ಯಾನು ಹೆಚ್ಚಾಗಿ ಹಗುರ ದೋಣಿಯ ಓಟಕ್ಕೆ. ಭಾರದ ದೋಣಿಗೆ ಕಡಿಮೆ ಪಿಚ್ಚಿನದ್ದು ಬೇಕು. ಏರು ರಸ್ತೆಯಲ್ಲಿ ಲಾರಿಯನ್ನು ಟಾಪ್ ಗೇರಿನಲ್ಲಿ ಹತ್ತಿಸಿದರೆ ಹೇಗೆ? ಹಾಗೆಯೇ. ಮೆಕ್ಯಾನಿಕ್ ಹತ್ತಿರ ಸುತ್ತು ಅಳೆಯುವ ಮೀಟರ್ ಇರುತ್ತದೆ, ಒಂದು ದಿನಕ್ಕೆ ಕೇಳಿ ತನ್ನಿ. ಬಲೆ, ಆಳು ಎಲ್ಲ ಹಾಕಿಕೊಂಡು ಪೂರ್ತಿ ಆಕ್ಸಿಲೇಟರ್ ಕೊಟ್ಟಾಗ ಕೈಪಿಡಿಯಲ್ಲಿ ಹೇಳಿದಷ್ಟು ಸುತ್ತು ಬರುತ್ತದಾ ನೋಡಿ. ಫೋರ್-ಸ್ಟ್ರೋಕ್ 9.9ಕ್ಕೆ ಸಾಮಾನ್ಯವಾಗಿ ನಿಮಿಷಕ್ಕೆ 5,000ದಿಂದ 6,000. ಬಾರದಿದ್ದರೆ ಒಂದಿಂಚು ಕಡಿಮೆ ಪಿಚ್ಚಿನ ಫ್ಯಾನು ಹಾಕಿ, ಸುಮಾರು 150-200 ಸುತ್ತು ಏರುತ್ತದೆ. ಒಂದು ಫ್ಯಾನಿನ ಬೆಲೆಯಲ್ಲಿ ಸಿಗುವ ಬಲವನ್ನು ಬಿಟ್ಟು ನಾವು ಲಕ್ಷ ಕೊಟ್ಟು ಎಚ್‌ಪಿ ಹುಡುಕುತ್ತೇವೆ. ಭಾರದ ದೋಣಿಗೆಂದೇ ದೊಡ್ಡ ಫ್ಯಾನು, ನಿಧಾನ ಗೇರು ಇರುವ 9.9ಗಳನ್ನೂ ಕೆಲವು ಕಂಪೆನಿಗಳು ಮಾಡುತ್ತವೆ. ಕೇಳಿ ನೋಡಿ.

ಇನ್ನು ಟು-ಸ್ಟ್ರೋಕಾ, ಫೋರ್-ಸ್ಟ್ರೋಕಾ? ನನ್ನ ಅಭಿಪ್ರಾಯ, ದಿನಾ ಮೂರು-ನಾಲ್ಕು ಗಂಟೆ ಓಡುವ ದೋಣಿಗೆ ಹೊಸ ಫೋರ್-ಸ್ಟ್ರೋಕ್ ಪೆಟ್ರೋಲ್. ಎಣ್ಣೆ ಕಡಿಮೆ, ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸ ಇಲ್ಲ, ಹೊಗೆ ಇಲ್ಲ, ಕಿವಿ ಉಳಿಯುತ್ತದೆ. ಸೀಮೆಎಣ್ಣೆಯದ್ದನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತರಬೇಕು. ಒಮ್ಮೆ ಮರೆತರೆ ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ನಿಂತು ಮತ್ತೆ ಸ್ಟಾರ್ಟ್ ಆಗುವಾಗ ಸತಾಯಿಸುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ತಂದೆಯವರ ಜೊತೆ ಹೋದ ಒಂದು ಸಂಜೆ ಅಳಿವೆಯ ಹೊರಗೆ ಹಾಗೆಯೇ ಆಯಿತು. ಹಗ್ಗ ಎಳೆದು ಎಳೆದು ಅವರ ಅಂಗೈ ಸುಲಿಯಿತು. ಇಬ್ಬರು ಹುಟ್ಟು ಹಾಕಿದರು, ನಾನು ನೀರು ಚೆಲ್ಲಿದೆ. ಮಗ್ರಿಬ್ ಕಳೆದು ಎಷ್ಟೋ ಹೊತ್ತಾದ ಮೇಲೆ ದಡ ಹತ್ತಿದಾಗ ಉಮ್ಮ ಹೊಳೆಬದಿಯಲ್ಲಿ ಲಾಟೀನು ಹಿಡಿದು ನಿಂತಿದ್ದರು. ಆ ದಿನದಿಂದ ನಮ್ಮ ದೋಣಿಯಲ್ಲಿ ಎಂಥ ಎಂಜಿನ್ ಇದ್ದರೂ ಎರಡು ಹುಟ್ಟು ಇಲ್ಲದೆ ಹೊರಡುವುದಿಲ್ಲ. ಹೊಸ ಎಂಜಿನ್ ತಂದವರು ಮೊದಲು ದಡದಲ್ಲಿ ಬಿಟ್ಟು ಹೋಗುವುದು ಹುಟ್ಟನ್ನೇ, ಅದು ಬೇರೆ ಮಾತು.

ಫೋರ್-ಸ್ಟ್ರೋಕಿನ ತೊಂದರೆಗಳನ್ನೂ ಹೇಳಬೇಕು. ಬೆಲೆ ಹೆಚ್ಚು. ಅದೇ ಎಚ್‌ಪಿಯ ಟು-ಸ್ಟ್ರೋಕಿಗಿಂತ ಐದಾರು ಕಿಲೊ, ಕೆಲವು ಮಾದರಿಗಳಲ್ಲಿ ಹತ್ತು ಕಿಲೊದವರೆಗೆ ಭಾರ ಹೆಚ್ಚು. ದಿನಾ ಹೆಗಲ ಮೇಲೆ ಮನೆಗೆ ಹೊತ್ತು ತರುವವರಿಗೆ ಅದೇನೂ ಸಣ್ಣದಲ್ಲ. ತಂದ ಮೇಲೆ ಬೇಕಾದ ಮಗ್ಗುಲಲ್ಲಿ ಮಲಗಿಸುವ ಹಾಗೂ ಇಲ್ಲ. ಕೈಪಿಡಿಯಲ್ಲಿ ತೋರಿಸಿದ ಮಗ್ಗುಲಲ್ಲೇ ಇಡಬೇಕು, ಇಲ್ಲದಿದ್ದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ. ಮೊದಲ 20 ಗಂಟೆಗೆ ಒಮ್ಮೆ, ಆಮೇಲೆ ಪ್ರತಿ 100 ಗಂಟೆಗೆ ಎಂಜಿನ್ ಆಯಿಲ್ ಬದಲಿಸಲೇಬೇಕು. "ಓಡ್ತಾ ಉಂಟಲ್ಲ" ಎಂದು ಬಿಟ್ಟರೆ ಒಂದು ದಿನ ಓಡುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಮೆಕ್ಯಾನಿಕ್‌ನದ್ದು. ಎಂಜಿನ್ ಕೈಕೊಟ್ಟ ದಿನವೇ ನೋಡಲಿಕ್ಕೆ ಜನ, ಇಂಪೆಲ್ಲರು, ಪ್ಲಗ್ಗು, ಸೀಲು ಹತ್ತಿರದಲ್ಲಿ ಸಿಗದಿದ್ದರೆ ಎಷ್ಟು ಒಳ್ಳೆಯ ಕಂಪೆನಿಯದ್ದಾದರೂ ಬೇಡ. ಅಂಥ ಕಡೆಯವರು ಟು-ಸ್ಟ್ರೋಕ್ ಪೆಟ್ರೋಲ್ ತಂದರೆ ನಾನು ತಪ್ಪು ಎನ್ನಲಾರೆ. ಗಲ್ಫಿನಿಂದ ಬರುವ ಭಾವ "ಅಲ್ಲಿ ಚೀಪಿಗೆ ಸಿಗ್ತದೆ, ತರ್ತೇನೆ" ಎಂದರೂ ಇದೇ ಪ್ರಶ್ನೆ ಕೇಳಿ. ಎಂಜಿನ್ ಅಲ್ಲಿಂದ ಬರಬಹುದು, ಬೋಲ್ಟು ಪ್ರತಿ ಸಲ ಅಲ್ಲಿಂದ ಬರಬೇಕಾ?

ಎಂಜಿನ್ ಯಾವುದೇ ಇರಲಿ, ಉಪ್ಪುನೀರಿನಿಂದ ಬಂದ ಮೇಲೆ ಡ್ರಮ್ಮಿನಲ್ಲಿ ಸಿಹಿನೀರು ತುಂಬಿ ಹತ್ತು ನಿಮಿಷ ಓಡಿಸುವ ಕೆಲಸ ಇದೆಯಲ್ಲ, ನಮ್ಮ ಹಳೆಯದು ಸತ್ತದ್ದು ಅದನ್ನು ಮಾಡದೆಯೇ. ತಮ್ಮನಿಗೆ ಬೇಸರ ಆದರೂ ಬರೆಯುತ್ತೇನೆ.

ಪೆಟ್ರೋಲಿಗೆ ಬಂದರೆ ಮನೆಯೊಳಗೂ ಒಂದು ಬದಲಾವಣೆ ಆಗಲೇಬೇಕು. ಸೀಮೆಎಣ್ಣೆಯ ಕ್ಯಾನ್ ಅಡುಗೆಕೋಣೆಯ ಮೂಲೆಯಲ್ಲೋ ಬಚ್ಚಲಿನ ಒಲೆಯ ಹತ್ತಿರವೋ ಇಟ್ಟು ನಮಗೆಲ್ಲ ಅಭ್ಯಾಸ. ಪೆಟ್ರೋಲ್ ಹಾಗಲ್ಲ. ಅದರ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದುಕೊಂಡು ಹೋಗಿ ಎಲ್ಲೋ ಇರುವ ಬೆಂಕಿಯನ್ನು ಹುಡುಕುತ್ತದೆ. ಮನೆಯೊಳಗೆ ಕ್ಯಾನ್ ಬೇಡವೇ ಬೇಡ. ಹೊರಗೆ, ನೆರಳಿರುವ, ಗಾಳಿಯಾಡುವ, ಮಕ್ಕಳ ಕೈಗೆ ಸಿಗದ ಜಾಗ ಮೊದಲೇ ನೋಡಿಡಿ. ದೋಣಿಯಲ್ಲಿಯೂ ಅಷ್ಟೇ. ಸೀಮೆಎಣ್ಣೆಯ ಕ್ಯಾನಿನ ಪಕ್ಕ ಕೂತು ಬೀಡಿ ಎಳೆದವರು ಪೆಟ್ರೋಲಿನ ಪಕ್ಕ ಎಳೆಯಬಾರದು ಎಂದು ಮನೆಯ ಹೆಂಗಸರೇ ಒಮ್ಮೆ ಜೋರಾಗಿ ಹೇಳಿದರೆ ಒಳ್ಳೆಯದು. ನಮ್ಮ ಮಾತು ಅವರು ಕೇಳುವುದಿಲ್ಲ.

ಇನ್ನೊಂದು ಹೊಸ ತಲೆನೋವು. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿಗೆ 20 ಶೇಕಡಾದವರೆಗೆ ಎಥನಾಲ್ ಬೆರೆಸುತ್ತಾರೆ. ಹೆಚ್ಚಿನ ಔಟ್‌ಬೋರ್ಡ್ ಎಂಜಿನ್ನುಗಳ ಕೈಪಿಡಿ 10 ಶೇಕಡಾಕ್ಕಿಂತ ಹೆಚ್ಚು ಬೇಡ ಎನ್ನುತ್ತದೆ. ಎಥನಾಲ್ ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ, ನಮ್ಮ ಕಡಲಬದಿಯ ಗಾಳಿಯಲ್ಲಿ ನೀರಿಗೆ ಬರವಿಲ್ಲ. ನೀರು ಹೆಚ್ಚಾದರೆ ಟ್ಯಾಂಕಿನಲ್ಲಿ ಎಥನಾಲ್ ಮತ್ತು ನೀರು ಒಟ್ಟಾಗಿ ಅಡಿಗೆ ಇಳಿಯುತ್ತದೆ, ಎಂಜಿನ್ ಮೊದಲು ಎಳೆಯುವುದು ಆ ಅಡಿಯದ್ದನ್ನೇ. ಆದ್ದರಿಂದ ಕೊಳ್ಳುವಾಗ "ಈಗಿನ ಪೆಟ್ರೋಲಿಗೆ ಆಗ್ತದಾ" ಎಂದು ಕೇಳಿ, ಬಾಯಿಮಾತು ಬೇಡ, ಬಿಲ್ಲಿನಲ್ಲಿ ಬರೆದು ಕೊಡಲಿ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ವಾರಗಟ್ಟಲೆ ಹೋಗಲಿಕ್ಕಿಲ್ಲದಿದ್ದರೆ ಟ್ಯಾಂಕಿನ ಪೆಟ್ರೋಲನ್ನು ಮನೆಯ ಬೈಕಿಗೆ ಸುರಿದುಬಿಡಿ. ಆಯಿಲ್ ಬೆರೆಸಿದ ಟು-ಸ್ಟ್ರೋಕಿನದ್ದಾದರೆ ಬೈಕಿಗೆ ಬೇಡ.

ಈಗ ಮತ್ತೆ ಬಳೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಎಂಜಿನ್, ಬಲೆ, ವೀಸಾ, ಆಟೊರಿಕ್ಷಾ ಎಲ್ಲ ಶುರುವಾಗುವುದು ಹೆಂಗಸರ ಕೈಯ ಚಿನ್ನದಿಂದ. ಬಡ್ಡಿಯ ಸಾಲ ಬೇಡವೆಂಬ ಮನಸ್ಸೂ ಅದಕ್ಕೆ ಒಂದು ಕಾರಣ. ಆದರೆ ಅಡವಿಟ್ಟ ಕಡೆ ಬಡ್ಡಿ ಕಟ್ಟುತ್ತಿರುವುದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿನ್ನ ಅವಳ ಸ್ವಂತ ಸೊತ್ತು. ಶರೀಅತ್ತೂ ಹಾಗೆಯೇ ಹೇಳುವುದು. ಅದನ್ನು ಕೇಳಿ ಪಡೆದರೆ ಸಾಲ, ಕೇಳದೆ ಪಡೆದರೆ ಅದಕ್ಕೆ ಬೇರೆಯೇ ಹೆಸರು. ಕೊಡುವವಳಿಗೆ ಎಂಜಿನ್ನಿನ ಬಗ್ಗೆ ಏನು ಗೊತ್ತು ಎನ್ನುವವರು ಒಮ್ಮೆ ಅವಳ ಮುಂದೆ ಲೆಕ್ಕ ಇಟ್ಟು ನೋಡಿ. ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬರುತ್ತದೆಂದು ದಿನಾಂಕ ಬರೆದಿಡುವವಳು ಅವಳು. ಒಂದು ಗಂಟೆಗೆ ಎಷ್ಟು ಲೀಟರ್ ಎಂಬ ಪ್ರಶ್ನೆ ನಮಗಿಂತ ಮೊದಲು ಅವಳ ಬಾಯಿಂದ ಬರುತ್ತದೆ.

ದೋಣಿಯಲ್ಲಿ ದುಡಿಯುವವರ ವಿಷಯದಲ್ಲಿ ನನ್ನದೊಂದು ಸಲಹೆ ಉಂಟು, ಒಪ್ಪದವರು ಇರಬಹುದು. ಮಾಲಕ ಹೆಚ್ಚು ಬೆಲೆ ಕೊಟ್ಟು ಕಡಿಮೆ ಕುಡಿಯುವ ಎಂಜಿನ್ ತಂದರೆ ಉಳಿಯುವ ಎಣ್ಣೆಯ ಲಾಭ ಎಲ್ಲರಿಗೂ ಹಂಚಿ ಹೋಗುತ್ತದೆ, ಸಾಲ ಮಾತ್ರ ಅವನೊಬ್ಬನ ತಲೆಗೆ. ಹಾಗಾಗಿ ಅವನು ತರುವುದಿಲ್ಲ. ತರಲಿಕ್ಕೆ ಮನಸ್ಸು ಬರಬೇಕಾದರೆ ಎಲ್ಲರೂ ಕೂತು, ಹಳೆ ನೋಟ್‌ಬುಕ್ಕಿನ ಲೀಟರ್ ಲೆಕ್ಕ ಎದುರಿಗಿಟ್ಟು, ಉಳಿತಾಯದ ಒಂದು ಭಾಗ ಎರಡು ವರ್ಷ ಎಂಜಿನ್ನಿನ ಪಾಲಿಗೆ ಸೇರಲಿ ಎಂದು ಮಾತಾಡಿಕೊಳ್ಳಬೇಕು. ಎರಡು ವರ್ಷ ಆದ ಮೇಲೆ ಹಳೆಯ ಪಾಲಿಗೆ ಮರಳುವುದು. ಇದನ್ನು ಬರೆದು ಇಬ್ಬರು ಸಾಕ್ಷಿ ಹಾಕಬೇಕು. ಕೊಡು-ಕೊಳ್ಳುವುದನ್ನು ಬರೆದಿಡಿ ಎಂದು ನಮಗೆ ಎಂದೋ ಹೇಳಿದ್ದಾರೆ, ಮದುವೆಯ ಕಾಗದ ಬಿಟ್ಟರೆ ನಾವು ಏನನ್ನೂ ಬರೆಯುವುದಿಲ್ಲ. "ಆಳುಗಳ ಹತ್ರ ಲೆಕ್ಕ ಒಪ್ಪಿಸುದಾ?" ಎಂದು ತಮ್ಮ ಕೇಳಿದ. ಅಳಿವೆಯಲ್ಲಿ ಎಂಜಿನ್ ನಿಂತರೆ ಹುಟ್ಟು ಹಾಕುವವರು ಅವರೇ ಅಲ್ವಾ ಎಂದೆ.

ಶುಕ್ರವಾರ ಜುಮಾ ಮುಗಿಸಿ ನಾನು ಊರಿಗೆ ಹೋದೆ. ತಮ್ಮನ ಹೆಂಡತಿ ಚಾ ತಂದಿಟ್ಟವಳು ಒಳಗೆ ಹೋಗಲಿಲ್ಲ, ಬಾಗಿಲ ಹತ್ತಿರವೇ ನಿಂತಳು. "ಕಾಕ, ಬಳೆ ಕೊಡ್ಲಿಕ್ಕೆ ನನಗೆ ಬೇಸರ ಇಲ್ಲ. ಆದ್ರೆ ಸೀಮೆಎಣ್ಣೆ ಎಲ್ಲಿಂದ ತರ್ತಾರೆ ಅಂತ ಕೇಳಿ" ಅಂದಳು. ತಮ್ಮ ಎದುರು ಮಾತಾಡಲಿಲ್ಲ. ಸೆಕೆಂಡ್‌ಹ್ಯಾಂಡ್‌ನವರಿಗೆ ಫೋನ್ ಮಾಡಿ ಬೇಡ ಅಂತ ಹೇಳಿದ. ಅವರು ಸ್ವಲ್ಪ ಕೋಪ ಮಾಡಿದರಂತೆ. ಅಸರ್ ಆದ ಮೇಲೆ ದೋಣಿಗೆ ಬರುವ ಮೂವರನ್ನೂ ಕರೆದು ದಡದಲ್ಲಿ ದೋಣಿಯನ್ನು ಮಗುಚಿ ಹಾಕಿದೆವು. ಹೊಲಿಗೆ ಮೆಷಿನ್ನಿನ ಪೆಟ್ಟಿಗೆಯಿಂದ ಟೇಪ್ ತಂದದ್ದು ತಮ್ಮನ ಮಗಳು. ಹಲಗೆಯ ಮೇಲಿಂದ ತಳಕ್ಕೆ ಹತ್ತೊಂಬತ್ತೂವರೆ ಇಂಚು. ಇಷ್ಟು ವರ್ಷ ನಾವು ಓಡಿಸಿದ್ದು ಹದಿನೈದರದ್ದು. ಸೋಮವಾರ ಮೊದಲು ಮೀನುಗಾರಿಕಾ ಇಲಾಖೆಗೆ, ಆಮೇಲೆ ಅಂಗಡಿಗೆ ಎಂದು ಮಾತಾಯಿತು. ತಮ್ಮನ ಹೆಂಡತಿಯೂ ಜೊತೆಗೆ ಹೋಗುತ್ತಾಳಂತೆ.